ಕೊನೇಮನೆ ಅಕ್ಕ ಹೊತ್ತು ತಂದ ಬೀಸುಕಲ್ಲು

ತಲೆಯ ಮೇಲೆ ತುಂಬಿದ ಮೊಸರಿನ ಗಡಿಗೆ, ಎರಡೂ ಕೈ ಖಾಲಿ. ಕೊನೇಮನೆ ಅಕ್ಕ ನಡೆಯುತ್ತಿದ್ದದ್ದು ಹಾಗೆ. ನಾವೆಲ್ಲ ಒಂದು ಕೈಯನ್ನು ಗಡಿಗೆಗೆ ಆನಿಸಿ, ಕತ್ತು ಬಿಗಿಹಿಡಿದು ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದರೆ, ಅವಳು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ, ಹಿಂದಿರುಗಿ ನೋಡಿ ನಮ್ಮನ್ನು ನಗಿಸುತ್ತ ನಡೆಯುತ್ತಿದ್ದಳು. ಒಂದು ತೊಟ್ಟು ತುಳುಕುತ್ತಿರಲಿಲ್ಲ. ತುಳುಕಲಿ ದೇವರೇ, ಒಂದು ಸಲವಾದರೂ ತುಳುಕಲಿ ಎಂದು ನಾನು ಬೇಡಿಕೊಂಡಿದ್ದುಂಟು.

ಅವಳು ನನಗೇನೂ ಕೇಡು ಮಾಡಿದವಳಲ್ಲ. ಕೇರಿಯ ಕೊನೆಯ ಮನೆ ಅವಳದು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಚಿನ್ನದ ಗಣಿಯ ಕೂಲಿಗಳ ಲೈನುಮನೆಗಳಲ್ಲಿ ಮೊಸರು ಮಾರುತ್ತ ತಮಿಳು ಕಲಿತಿದ್ದಳು, ಶೆಟ್ಟರ ಅಂಗಡಿಗಳಲ್ಲಿ ತೆಲುಗು. ನನಗೆ ಗಂಡನಿದ್ದ, ಹೊಲವಿತ್ತು, ತವರಿನವರು ಕೊಟ್ಟ ಓಲೆ ಇತ್ತು. ಆದರೂ ಊರಿನಲ್ಲಿ ಯಾರಿಗೆ ಏನಾದರೂ ನಮ್ಮ ಮನೆಯ ಮುಂದಿನಿಂದಲೇ ಹಾದು ಅವಳ ಬಾಗಿಲಿಗೆ ಹೋಗುತ್ತಿದ್ದರು.

ನಮ್ಮ ಕೇರಿಗೆ ಒಂದು ಕೂಟ ಇತ್ತು. ಬಾವಿಯ ಹೂಳು ತೆಗೆಸುವುದು, ಮದುವೆ ಮನೆಗೆ ಕೊಪ್ಪರಿಗೆ ಒದಗಿಸುವುದು, ಸರ್ಕಾರದವರು ಬಂದರೆ ಊರ ಪರವಾಗಿ ನಿಂತು ಮಾತಾಡುವುದು, ಎಲ್ಲ ಅದರ ಕೆಲಸ. ನಮ್ಮ ಯಜಮಾನರೇ ಅದರ ಮುಖಂಡರು. ಆದರೆ ಅಧಿಕಾರಿಗಳ ಮುಂದೆ ಅವರ ನಾಲಿಗೆ ಏಳುತ್ತಿರಲಿಲ್ಲ. ಒಮ್ಮೆ ಸರ್ಕಾರದವರು ನಮ್ಮ ಊರಿನ ದನಗಳನ್ನು ದೊಡ್ಡಿಗೆ ಹೊಡೆದು ಕೂಡಿಹಾಕಿದಾಗ ಕೂಟದವರೆಲ್ಲ ಹೋಗಿ ಬರಿಗೈಲಿ ಬಂದರು. ಮಾರನೆಯ ದಿನ ಇವಳು ಒಬ್ಬಳೇ ಹೋಗಿ, ಕಾವಲಿನವನ ಹತ್ತಿರ ಅವನದೇ ತಮಿಳಿನಲ್ಲಿ ಜಗಳವಾಡಿ, ದನ ಹೊಡೆದುಕೊಂಡು ಬಂದಳು. ಅಲ್ಲಿಂದಾಚೆಗೆ ಅವಳಿಲ್ಲದೆ ಕೂಟ ಸೇರುವುದೇ ನಿಂತುಹೋಯಿತು. ಗಂಡಸರ ನಡುವೆ ಹೆಂಗಸೇನು ಎಂದು ಹಿರಿಯರೊಬ್ಬರು ಗೊಣಗಿದರಂತೆ.

"ನಾನ್ಯಾಕೆ ಒಳಗ್ ಬರ್ಲಿ ಬುಡಣ್ಣ, ಇಲ್ಲೇ ಕಂಬದತ್ರ ಕುಂತ್ಕತೀನಿ. ನನ್ ಮಾತು ಒಳಗ್ ಬಂದ್ರೆ ಮಾತ್ರ ತಡೀಬ್ಯಾಡ" ಎಂದಳಂತೆ.

ಇದನ್ನೆಲ್ಲ ನನಗೆ ಹೇಳುತ್ತಿದ್ದವರು ಯಜಮಾನರೇ. ಮುದ್ದೆ ಮುರಿಯುತ್ತ, "ಅಕ್ಕ ಇಂಗಂದ್ಲು, ಅಕ್ಕ ಅಂಗಂದ್ಲು" ಎಂದು ಅವರು ನಗುತ್ತಿದ್ದರೆ, ಸಾರಿಗೆ ನಾನು ಉಪ್ಪು ಹಾಕಿದ್ದೇನೋ ಇಲ್ಲವೋ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಬಾಯಿ ತುಂಬ ಅಕ್ಕ ಅನ್ನುತ್ತಾರಲ್ಲ, ಅದರಲ್ಲೇನಿದೆ ಎಂದು ಯಾರಾದರೂ ಕೇಳಬಹುದು. ನನ್ನ ಮಾತಿಗೆ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ನನ್ನ ಮೊದಲ ಮಗು ಹುಟ್ಟಿದ ಹೊಸತರಲ್ಲಿ ನಮ್ಮ ಊರಿನಲ್ಲಿ ಇಲಿ ಬಿತ್ತು. ಪ್ಲೇಗು ಬರುವ ಮುಂಚೆ ಮನೆಗಳಲ್ಲಿ ಇಲಿ ಸತ್ತು ಬೀಳುತ್ತಿದ್ದವು, ಬಿದ್ದರೆ ಊರು ಬಿಡಬೇಕು. ಬೀಸಿದ ಹಿಟ್ಟು, ಪಾತ್ರೆ, ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ದೂರದ ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಕೊಂಡೆವು. ಯಾರೂ ಊರೊಳಗೆ ಕಾಲಿಡದಂತೆ ಪೋಲೀಸಿನವನೊಬ್ಬನನ್ನು ಕಾವಲಿಟ್ಟರು. ತಂದ ಹಿಟ್ಟು ಮುಗಿಯಿತು. ವರ್ಷದ ರಾಗಿಯೆಲ್ಲ ಊರ ನಡುವಿನ ಹಗೇವುಗಳಲ್ಲಿ, ನೆಲದಡಿಯ ಕಣಜಗಳಲ್ಲಿ, ಉಳಿದುಹೋಗಿತ್ತು. ಮಕ್ಕಳು ಹಸಿದು ಅಳುತ್ತಿದ್ದವು. ನನ್ನ ಮಗುವಿಗೆ ಹಾಲು ಸಾಲುತ್ತಿರಲಿಲ್ಲ.

ಕೂಟದವರು ಅಮಲ್ದಾರರನ್ನು ಕಾಣಲು ಬಂಗಾರಪೇಟೆಗೆ ಹೊರಟರು. ಯಜಮಾನರು ಅವಳನ್ನೂ ಕರೆದುಕೊಂಡು ಹೋದರು. ತೋಪಿಗೆ ಮರಳಿದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಅವರೇ ವರ್ಣಿಸಿದರು: "ಅಮಲ್ದಾರ್ರು, ನಿಮ್ ಜೀವ ಉಳ್ಸೋಕೆ ಅಂತ್ಲೇ ಊರು ಬಿಡ್ಸಿರೋದು ಅಂದ್ರು. ನನ್ ಬಾಯಿ ಒಣಗೋಯ್ತು. ಅಕ್ಕ ಮುಂದ್ಕೆ ಬಂದು ಕೈ ಮುಗುದ್ಲು. 'ಸ್ವಾಮಿ, ಊರು ಬುಡಿ ಅಂದ್ರಿ, ಬುಟ್ವಿ. ಒಟ್ಟೇನೂ ಅಲ್ಲೇ ಬುಟ್ ಬರೋಣ ಅಂತಿದ್ವಿ, ಅದು ನಮ್ ಇಂದೇನೇ ಬಂದ್ಬುಡ್ತು' ಅಂದ್ಲು. ಅವ್ರಿಗೇ ನಗು ತಡಿಯೋಕಾಗ್ಲಿಲ್ಲ."

ಇಬ್ಬರು ಒಳಗೆ ಹೋಗಿ ರಾಗಿ ತೆಗೆಯಬಹುದೆಂದು ಅಪ್ಪಣೆಯಾಯಿತು. ಹಗೇವಿಗೆ ಒಬ್ಬರು ಇಳಿಯಬೇಕು, ಒಬ್ಬರು ಮೇಲೆ ಹಗ್ಗ ಹಿಡಿಯಬೇಕು. ಮುಖಂಡರಾದ್ದರಿಂದ ನಾನೇ ಹೋಗುತ್ತೇನೆ ಎಂದರು ಯಜಮಾನರು. ಇನ್ನೊಬ್ಬರು ಯಾರು ಎಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನ್ ಇಳೀತೀನಿ. ಏನಾದ್ರೂ ಆದ್ರೆ ಅಳೋಕೆ ನಂಗ್ಯಾರವ್ರೆ?" ಎಂದಳು ಅವಳು.

ಅವತ್ತು ಊರ ಅಂಚಿನಲ್ಲಿ ಮಗುವನ್ನು ಎದೆಗವಚಿಕೊಂಡು ನಿಂತಿದ್ದೆ. ಉಳಿದವರೆಲ್ಲ ರಾಗಿ ಬರುವುದನ್ನು ಕಾಯುತ್ತಿದ್ದರು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಖಾಲಿ ಊರು, ಅದರೊಳಗೆ ಅವರಿಬ್ಬರೇ. ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಅವರ ಕೈಯಲ್ಲಿದೆ ಎಂದು ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು. ರಾಗಿಯ ಮೂಟೆಗಳು ಒಂದೊಂದಾಗಿ ಅಂಚಿಗೆ ಬಂದವು. ಕೊನೆಗೆ ಅವಳು ಬಂದಳು, ತಲೆಯ ಮೇಲೆ ಬೀಸುಕಲ್ಲು ಹೊತ್ತುಕೊಂಡು. ರಾಗಿ ಬಂದರೂ ಬೀಸುವುದಕ್ಕೆ ತೋಪಿನಲ್ಲಿ ಕಲ್ಲೇ ಇಲ್ಲವೆಂಬುದು ಅವಳೊಬ್ಬಳಿಗೆ ಹೊಳೆದಿತ್ತು. ಅದು ನನ್ನ ಕಲ್ಲು. ನನ್ನ ಅಡುಗೆಮನೆಯ ಮೂಲೆಯಲ್ಲಿದ್ದದ್ದು.

"ಯಾರುನ್ ಕೇಳಿ ನನ್ ಮನೆ ಒಳಕ್ಕೋದೆ?" ಎಂದು ಎಲ್ಲರ ಮುಂದೆ ಕೂಗಿದೆ.

ಅವಳು ದೂರದಲ್ಲೇ ಕಲ್ಲಿಳಿಸಿದಳು. "ನಿನ್ ಕಲ್ಲೇ ಕೂಗ್ತು ಕಣಮ್ಮಿ, ಒಬ್ಳೇ ಕುಂತೀನಿ, ಕರ್ಕಂಡೋಗು ಅಂತ."

ಎಲ್ಲರೂ ನಕ್ಕರು. ಹಸಿದಿದ್ದವರೂ ನಕ್ಕರು. ಯಜಮಾನರೂ ನಕ್ಕರು. ಸೋಂಕು ಸುಟ್ಟುಹೋಗಲೆಂದು ಅವಳು ಕಲ್ಲಿನ ಮೇಲೆ ಒಣಹುಲ್ಲು ಸುರಿದು ಬೆಂಕಿ ಹಚ್ಚಿದಳು. ತಾಯಿಯ ಮನೆಯಿಂದ ಬಂದ ಕಲ್ಲು ಕರಿಹಿಡಿದದ್ದು ನೋಡಿ ನನಗೆ ಅಳು ಬಂತು. ಅದನ್ನು ತೊಳೆದು ತೋಪಿನ ನಡುವೆ ಇಟ್ಟ ಮೇಲೆ ಕೇರಿಯ ಹೆಂಗಸರೆಲ್ಲ ಸರದಿಯ ಮೇಲೆ ಬೀಸಿದರು. ನನ್ನ ಕಲ್ಲಿಗೆ ನಾನೇ ಸರದಿ ಕಾದೆ.

ಅವಳು ಮಾತ್ರ ನಮ್ಮ ಗುಡಿಸಲುಗಳ ಹತ್ತಿರ ಬರಲಿಲ್ಲ. ದೂರದ ಹುಣಸೆಮರದ ಕೆಳಗೆ ಒಬ್ಬಳೇ ಉಳಿದಳು. ಯಜಮಾನರು ದಿನವೂ ಎಲೆಯಲ್ಲಿ ಮುದ್ದೆ ಕಟ್ಟಿಕೊಂಡು ಹೋಗಿ, ಒಂದಿಷ್ಟು ದೂರದಲ್ಲಿಟ್ಟು, ಅಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದರು. ಮಹಾರಾಣಿಯವರಿಗೆ ನಮ್ಮ ಜೊತೆ ಇರಲು ಆಗುವುದಿಲ್ಲವೇನೋ ಎಂದು ನಾನು ಚುಚ್ಚಿದರೆ, "ಅಕ್ಕಂಗೆ ಅಲ್ಲಿ ಗಾಳಿ ಚೆಂದಾಗ್ ಬತ್ತದಂತೆ" ಎಂದು ಮುಖ ತಿರುಗಿಸಿದರು. ಆ ಮುದ್ದೆ ಕಟ್ಟಿಕೊಡುತ್ತಿದ್ದವಳು ನಾನು. ಒಂದೊಂದು ದಿನ ಬೇಕೆಂದೇ ಗಟ್ಟಿಯಾಗಿ ತೊಳಸುತ್ತಿದ್ದೆ.

ಮಾರಿ ಇಳಿದ ಮೇಲೆ ಊರಿಗೆ ಮರಳಿದೆವು. ಕೂಟ ಬೆಳೆಯಿತು. ಊರಿಗೆ ಮೇಷ್ಟರು ಬೇಕೆಂದು ಕೇಳಲು ಅವಳೇ ಹೋದಳು, ಕೆರೆಯ ತೂಬು ಒಡೆದಾಗ ಅವಳೇ ಹೋದಳು. ಆ ಕೂಟದಿಂದ ನನಗೆ ಬಂದದ್ದೆಲ್ಲ, ನನ್ನ ಮಗಳು ಕಲಿತ ನಾಲ್ಕಕ್ಷರವೂ, ಅವಳ ಬಾಯಿಂದ ಬಂದದ್ದು. ಆ ಮಗಳು ದೊಡ್ಡವಳಾಗಿ ಒಂದು ದಿನ ತಲೆಯ ಮೇಲೆ ಗಡಿಗೆ ಹೊತ್ತು, ಕೈ ಬಿಟ್ಟು ಅಂಗಳ ದಾಟಿದಳು. ಅವಳ ಬೆನ್ನಿಗೊಂದು ಗುದ್ದು ಕೊಟ್ಟೆ. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕ ತೀರಿಕೊಂಡಳು. ಮಾರಿಕುಪ್ಪಂನ ಲೈನುಮನೆಗಳಿಂದ ಹೆಂಗಸರು ಬಂದು ತಮಿಳಿನಲ್ಲಿ ಹಾಡಿಕೊಂಡು ಅತ್ತರು, ಪೇಟೆಯ ಶೆಟ್ಟರು ಬಂದರು. ಅಳುವವರಿಲ್ಲ ಎಂದಿದ್ದವಳ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಜಮಾನರು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ ಜಗಲಿಯ ಮೇಲೆ ಕೂತವರನ್ನು ಕೇಳಿಯೇ ಬಿಟ್ಟೆ:

"ನಮ್ಮತ್ತೆ ಸತ್ತಾಗ್ಲೂ ಇಂಗೆ ಅಳ್ಲಿಲ್ಲ ನೀವು. ಅವ್ಳು ನಿಮಗೆ ಏನಾಗ್ಬೇಕಾಗಿತ್ತು?"

ಅವರು ಹೆಗಲ ಮೇಲಿನ ಒದ್ದೆ ವಸ್ತ್ರವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಅವತ್ತು ನಿನ್ ಬೀಸೋಕಲ್ಲು ತರೋಕೆ ನಾನೇ ಒಳಕ್ಕೋಗೋನು. ಒಸ್ಲು ಮೇಲೆ ಕಾಲಿಟ್ಟಿದ್ದೆ. ರಟ್ಟೆ ಇಡ್ದು ಈಚೆಗ್ ಎಳುದ್ಲು. 'ಒಳ್ಗೆ ಇಲಿ ಬಿದ್ದವ್ವೆ. ನಿನ್ ಎಂಡ್ರು ಅಸಿ ಬಾಣಂತಿ, ನೀ ಬರ್ಬ್ಯಾಡ' ಅಂದ್ಲು. ಒಬ್ಳೇ ಓಗಿ, ಒಲೆ ಮುಂದೆ ಬಿದ್ದಿದ್ ಇಲೀನ ತಳ್ಳಿ ಕಲ್ಲು ತಂದ್ಲು. ಆಮೇಲೆ ನಮಗೆ ತಗುಲ್ಬಾರ್ದು ಅಂತ ಹುಣ್ಸೆಮರದ್ ಕೆಳಗೆ ಸಾವು ಬತ್ತದೋ ಇಲ್ವೋ ಅಂತ ಕಾಯ್ತಾ ಕುಂತಿದ್ಲು. ನಿಂಗೇಳ್ಬಾರ್ದು, ಎದ್ರ್ಕಂಡ್ರೆ ಮಗೀಗೆ ಆಲು ಬತ್ತೋಯ್ತದೆ ಅಂತ ನನ್ ಕೈಲಿ ಆಣೆ ಆಕಿಸ್ಕಂಡಿದ್ಲು."

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಈಗಲೂ ಯಜಮಾನರು ಅದೇ ಜಗಲಿಯ ಮೇಲೆ ಕೆಮ್ಮುತ್ತ ಕೂತಿರುತ್ತಾರೆ. ನಾನು ಬೆಳಿಗ್ಗೆ ಮುಖ ತೊಳೆದು ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತೇನೆ. ಊರೆಲ್ಲ ಅವಳದಾದರೂ ಇದೊಂದು ನನ್ನದು ಎಂದು ಅಷ್ಟು ವರ್ಷ ಬೀಗಿದ್ದೆ. ಇದೂ ಅವಳು ಕೊಟ್ಟದ್ದೇ ಎಂದು ಗೊತ್ತಾದ ಮೇಲೆ ಕೈ ಮುಗಿಯಬೇಕು ಅನ್ನಿಸುತ್ತದೆ, ಮುಗಿಯುತ್ತೇನೆ. ಹೊಟ್ಟೆಯುರಿ ಮಾತ್ರ ಇನ್ನೂ ಆರಿಲ್ಲ.