ಅಕ್ಕನ ಕೈಗವಸಿನೊಳಗಿನ ತಂತಿ

ಅಕ್ಕನ ಬಲಗೈಯ ಮೂರು ಬೆರಳುಗಳಿಗೆ ಜೋಮು ಹಿಡಿದು ಎರಡು ತಿಂಗಳಾಗಿತ್ತು. ಮೊದಮೊದಲು ಕೈ ಕೊಡವಿ, ಬಿಟ್ಟುಹೋಗುತ್ತದೆ ಅಂದಳು. ಬಿಡಲಿಲ್ಲ.

ಇಪ್ಪತ್ತಾರು ವರ್ಷ ಒಂದೇ ಹೊಲಿಗೆ ಅಂಗಡಿಯಲ್ಲಿ ಕೂತು ಅವಳು ಕಾಜಾ ಹೊಲಿದಿದ್ದಳು. ಅಂಗಿಯಲ್ಲಿ ಗುಂಡಿ ತೂರುವ ಆ ಸೀಳಿನ ಅಂಚನ್ನು ಕಟ್ಟುವ ಕೆಲಸಕ್ಕೆ ಕಣ್ಣು ಸಾಲದು, ಬೆರಳ ತುದಿಯೇ ನೋಡಬೇಕು. ಈಗ ಸೂಜಿ ಕೆಳಗೆ ಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಸೋಮವಾರದವರೆಗೆ ನಿನ್ನ ಜಾಗ ಹಾಗೇ ಇಟ್ಟಿರ್ತೀನಮ್ಮ," ಎಂದಿದ್ದರು ಅಂಗಡಿಯ ಮಾಸ್ತರು. "ಆಮೇಲೆ ನನ್ನ ಕೈಲೂ ಇಲ್ಲ."

ಮನೆಯಲ್ಲಿ ಇರುವವರು ಇಬ್ಬರೇ, ಅವಳು ಮತ್ತು ತಮ್ಮ. ತಮ್ಮ ರೇಡಿಯೊ ರಿಪೇರಿಯವನು. ಮಾತು ತಡವರಿಸುತ್ತದೆಂದು ಬೀದಿಯವರು ಅವನನ್ನು ಸ್ಟೇಷನ್ ಸಿಗದ ರೇಡಿಯೊದ ಹಾಗೆ ಗೊರಗೊರ ಎಂದು ಕರೆಯುತ್ತಿದ್ದರು. ನರ ಸೋತಿದೆ, ಚೇತರಿಸಿಕೊಳ್ಳಬಹುದು, ಇಲ್ಲದೆಯೂ ಇರಬಹುದು ಎಂದು ಡಾಕ್ಟರು ಹೇಳಿದಾಗ ಅವನು ಮೊದಲರ್ಧವನ್ನಷ್ಟೇ ಕೇಳಿಸಿಕೊಂಡ.

"ನರ ಅಂದ್ರೆ ತಂತಿ ತಾನೇ ಅಕ್ಕ? ಬೆಸುಗೆ ಬಿಟ್ಟಿರುತ್ತೆ. ಸ್ವಲ್ಪ ಕಾಸಿದ್ರೆ ಕೂತ್ಕೊಳುತ್ತೆ. ಎಷ್ಟು ರೇಡಿಯೊ ಹಾಗೆ ಎಬ್ಬಿಸಿಲ್ಲ ನಾನು!"

"ನನಗೂ ಒಂದು ತಿರುಗಿಸೋ ಗುಬುಟು ಹಾಕ್ಬಿಡು. ಬೇಡದಾಗ ಆಫ್ ಮಾಡ್ಬಹುದು," ಎಂದಳು ಅಕ್ಕ. ಅವಳ ಮುಖದಲ್ಲಿ ನಗು ಇರಲಿಲ್ಲ. ಈಚೆಗೆ ಏನೂ ಇರುತ್ತಿರಲಿಲ್ಲ.

ಕೆಟ್ಟ ಹೇರ್ ಡ್ರೈಯರ್ ಒಂದನ್ನು ಬಿಚ್ಚಿ, ಬಿಸಿಯಾಗುವ ಸುರುಳಿ ತಂತಿಯನ್ನು ಅವನು ಹೊರತೆಗೆದ. ಎರಡು ಮೊಳ ಅಳೆದು ಕತ್ತರಿಸಿ, ಬೆಂಕಿ ತಾಳುವ ಬಟ್ಟೆಯ ಪಟ್ಟಿಯಲ್ಲಿ ಹಾವಿನಂತೆ ಹಾಯಿಸಿ, ಅಕ್ಕನ ಉಣ್ಣೆಯ ಕೈಗವಸಿನೊಳಗೆ ಕೂರಿಸಿದ. ಹಳೆಯ ಎಮರ್ಜೆನ್ಸಿ ದೀಪದ ಬ್ಯಾಟರಿ, ಒಂದು ಸ್ವಿಚ್ಚು. ಅಷ್ಟೇ. ಕೈಗವಸು ಅವಳ ಅಳತೆಯದು, ಅವನ ಕೈ ಅದರಲ್ಲಿ ತೂರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಕೈಗವಸು ಹಾಕಿಕೊಂಡು ಕಿಟಕಿಯ ಬಳಿ ಕೂತಳು.

"ಹೇಗಿದೆ?"

"ಏನೂ ಇಲ್ಲ ಕಣೋ."

ಗಿರಾಕಿ ಏನು ದೂರು ಹೇಳುತ್ತಾನೋ ಅದೇ ರೇಡಿಯೊದ ದೋಷ. ಮೂವತ್ತು ವರ್ಷದಿಂದ ಅವನು ನೆಚ್ಚಿಕೊಂಡಿದ್ದ ಮಾತು ಅದು. ಬಿಸಿ ಸಾಲದು ಅಂದರೆ ತಂತಿ ಉದ್ದವಾಗಿದೆ ಎಂದರ್ಥ. ಒಂದು ಗೇಣು ಕತ್ತರಿಸಿದ.

"ಈಗ?"

"ಇಲ್ಲ."

ಮತ್ತೆ ಒಂದು ಗೇಣು. ತಂತಿ ಗಿಡ್ಡವಾದಷ್ಟೂ ಕಾವು ಏರುತ್ತದೆ. ಮೂರನೆಯ ಸಲ ಅವನು ಕೇಳುವ ಮೊದಲೇ ಉಣ್ಣೆ ಸೀದ ವಾಸನೆ ಬಂತು.

"ಅಕ್ಕಾ, ತೆಗಿ! ತೆಗಿ!"

"ಯಾಕೋ? ಇನ್ನೂ ಕಾದೇ ಇಲ್ವಲ್ಲ."

ಅವನೇ ಕೈಗವಸನ್ನು ಎಳೆದು ಬಿಸಾಡಿದ. ಮೂರು ಬೆರಳ ಮೇಲೂ ಬೊಬ್ಬೆಗಳು ಎದ್ದಿದ್ದವು. ಪಕ್ಕದ ಮನೆಯಲ್ಲಿ ಒಣಗಲು ಹಾಕಿದ ಬಟ್ಟೆಯನ್ನು ನೋಡುವಂತೆ ಅಕ್ಕ ಅವನ್ನು ನೋಡಿದಳು.

"ನೋ... ನೋವಾಗ್ತಿದ್ಯಾ?"

"ಆಗ್ಬೇಕಿತ್ತು, ಅಲ್ವಾ?"

ಅವನು ಬೆರಳುಗಳಿಗೆ ತಣ್ಣೀರು ಹೊಯ್ದ. ನೀರು ತಣ್ಣಗಿದೆಯಾ ಎಂದು ಕೇಳಲಿಲ್ಲ. ಬಹಳ ಹೊತ್ತು ಹೊಯ್ಯುತ್ತಲೇ ಇದ್ದ.

"ನಿಂಗೆ ಮೊದ್ಲೇ ಗೊತ್ತಿತ್ತಾ, ಇದು ಕೆಲ್ಸಕ್ಕೆ ಬರಲ್ಲ ಅಂತ?"

"ಅಷ್ಟು ಮುತುವರ್ಜಿಯಿಂದ ಕೂತಿದ್ದೆ ನೀನು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಸೋಮವಾರ ಇಬ್ಬರೂ ಅಂಗಡಿಗೆ ಹೋದರು. ಮಾಸ್ತರು ಬ್ಯಾಂಡೇಜನ್ನು ನೋಡಿದರು. ಅಕ್ಕ ಮನೆಗೆ ತಂದಿಟ್ಟುಕೊಂಡಿದ್ದ ಏಳು ಅಂಗಿಗಳನ್ನು, ಕಾಜಾ ಆಗದವನ್ನು, ಮೇಜಿನ ಮೇಲೆ ಇಟ್ಟಳು.

"ಬೆರಳು ಸತ್ತಿದೆ ಮಾಸ್ತರೇ. ಜಾಗ ಬೇರೆಯವರಿಗೆ ಕೊಡಿ."

ಅವರು ಅಂಗಿಗಳನ್ನು ಪಕ್ಕಕ್ಕೆ ಸರಿಸಿದರು. "ಇಸ್ತ್ರಿ ಮೇಜು ಖಾಲಿ ಇದೆಯಮ್ಮ," ಅಂದರು. "ಅದಕ್ಕೆ ಬೆರಳಿನ ಸೂಕ್ಷ್ಮ ಬೇಕಿಲ್ಲ."

"ಅದೊಂದು ಬೇಡ ಸ್ವಾಮಿ!" ತಮ್ಮ ಒಂದಿಷ್ಟೂ ತಡವರಿಸದೆ ಕೂಗಿದ. ಅಂಗಡಿಯವರೆಲ್ಲ ತಿರುಗಿ ನೋಡಿದರು.

ಅಕ್ಕನ ತುಟಿ ನಗು ಬಂದಂತೆ ಒಂದು ಕಡೆಗೆ ಸ್ವಲ್ಪ ಓರೆಯಾಯಿತು. ಅಷ್ಟೇ. ತನ್ನ ಕುರ್ಚಿಯ ಮೇಲಿನ ದಿಂಬನ್ನು ಎಡಗೈಯಲ್ಲಿ ಎತ್ತಿ ಕಂಕುಳಲ್ಲಿ ಇರುಕಿಕೊಂಡು, ಅವಳು ಹೊರಗೆ ಬಂದಳು.