ಚಕ್ಕುಬಂದಿ ಬರೆದ ಹಾಡಿನ ಕೋರಿಕೆ

ಇಂದಿನ ಅಂಚೆಯಲ್ಲಿ ನನಗೊಂದು ಲಕೋಟೆ ಬಂದಿದೆ. ರಾಮನಗರದ ಖಾಸಗಿ ರೇಡಿಯೊ ಕೇಂದ್ರದವರು ತಮ್ಮ ಚರಿತ್ರೆಯನ್ನು ಪುಸ್ತಕವಾಗಿ ತರುತ್ತಿದ್ದಾರಂತೆ. ಹಳೆಯ ಕೇಳುಗರು ತಮ್ಮ ಸವಿನೆನಪುಗಳನ್ನು ಒಂದು ಪುಟ ಮೀರದಂತೆ ಬರೆದು ಕಳುಹಿಸಬೇಕಂತೆ. ವಿಳಾಸದಲ್ಲಿ ನನ್ನ ಇನಿಷಿಯಲ್ ತಪ್ಪಾಗಿದೆ. ಇದು ಆ ಕೇಂದ್ರದವರು ನನಗೆ ಮಾಡಿದ ಏಳನೆಯ ಅವಮಾನ. ಉಳಿದ ಆರನ್ನೂ ಕ್ರಮವಾಗಿ ಹೇಳಬಲ್ಲೆ. ಆದರೆ ಓದುಗರೇ, ನಿಮಗೂ ಬೇರೆ ಕೆಲಸಗಳಿರುತ್ತವೆ, ಮೊದಲನೆಯದನ್ನಷ್ಟೇ ಹೇಳುತ್ತೇನೆ.

ನಾನು ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದವನು. ಊರಿಗೆಲ್ಲ ನಾನು 'ರೈಟ್ರು'. ನಾನು ಬರೆದ ಒಂದು ಪತ್ರವೂ ತಕರಾರಿಗೆ ಸಿಕ್ಕಿ ಹಿಂದಿರುಗಿದ್ದಿಲ್ಲ. ನನ್ನ ಕಚೇರಿಯ ಪಕ್ಕದಲ್ಲೇ ರಹಮತ್ ಸಾಬರ ಬೊಂಬೆ ಕಾರ್ಖಾನೆ: ಮರ ಕಡೆಯುವ ಮೂರು ಲೇತು, ಒಂದು ಟ್ರಾನ್ಸಿಸ್ಟರ್. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಬಿಸಿ ವಾಸನೆ ನನ್ನ ಮೇಜಿನವರೆಗೂ ಬರುತ್ತಿತ್ತು. ಎಷ್ಟೋ ಕ್ರಯಪತ್ರಗಳು ಆ ವಾಸನೆಯನ್ನು ಹೊತ್ತೇ ನೋಂದಣಿ ಕಚೇರಿಗೆ ಹೋಗಿರಬೇಕು.

ಆ ರೇಡಿಯೊ ಕೇಂದ್ರ ಹೊಸದಾಗಿ ಶುರುವಾಗಿದ್ದ ಕಾಲ. ರಾಮನಗರದ ಬಂಡೆಗಳನ್ನು ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಅದರ ದನಿ ಬಡಕಲಾಗಿರುತ್ತಿತ್ತು. ಲೇತಿನ ಮೋಟಾರು ತಿರುಗಿದರಂತೂ ಬರೀ ಗೊರಗೊರ. ಆದ್ದರಿಂದ ಸಾಬರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಬೆಳಿಗ್ಗೆ ಹನ್ನೊಂದಕ್ಕೆ, ಕೇಳುಗರ ಕಾಗದ ಓದಿ ಅವರು ಬಯಸಿದ ಹಾಡು ಹಾಕುವ ಹೊತ್ತಿಗೆ, ಮೂರು ಲೇತೂ ನಿಲ್ಲುತ್ತಿದ್ದವು. ಅರ್ಧ ಕಡೆದ ಗಿಲಕಿಗಳೂ ತಲೆಯಿಲ್ಲದ ಬೊಂಬೆಗಳೂ ಹಾಡು ಮುಗಿಯುವವರೆಗೆ ಕಾಯುತ್ತಿದ್ದವು.

ಸಾಬರ ಎಡಗಿವಿ ಲೇತಿನ ಸದ್ದಿಗೆ ಆಗಲೇ ಹೋಗಿತ್ತು. ಬಲಗಿವಿಯೂ ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ ಮಾರನೆಯ ದಿನ ನನ್ನ ಮುಂದೆ ಬಂದು ಕುಳಿತರು.

"ರೈಟ್ರೇ, ಈ ಕಿವಿ ಮುಚ್ಚೋಕ್ ಮುಂಚೆ ಒಂದ್ಸಲ ನನ್ ಹೆಸ್ರು ರೇಡಿಯೋದಾಗೆ ಕೇಳ್ಬೇಕು. ಒಸಿ ಬರ್ಕೊಡಿ."

"ಯಾವ ಹಾಡು?"

"ಯಾವ್ದಾದ್ರೂ ಹಾಕ್ಲಿ. ಹಾಡು ದಿನಾ ಬತ್ತೈತೆ."

ಬರೆದೆ. ಬರೆಯುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. ಕೋರಿಕೆದಾರರ ತಂದೆಯ ಹೆಸರು, ವಯಸ್ಸು, ಕಸುಬು. ಕಾರ್ಖಾನೆಯ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಗೌರಮ್ಮನ ಟೀ ಅಂಗಡಿ, ದಕ್ಷಿಣಕ್ಕೆ ನನ್ನ ಕಚೇರಿ. ಎರಡು ಅಂಚೆ ಕಾರ್ಡು ಹಿಡಿಯಿತು. ಐದು ವಾರ ಕಾದೆವು. ಕೂಟಗಲ್ಲಿನವರ ಹೆಸರು ಬಂತು, ಮಾಗಡಿಯವರದು ಬಂತು, ದೊಡ್ಡಆಲಹಳ್ಳಿಯವರದು ಎರಡು ಸಲ ಬಂತು. ಆರನೆಯ ವಾರ ನಿರೂಪಕನು, "ಚನ್ನಪಟ್ಟಣದಿಂದ ಒಬ್ರು ಬರೆದಿದ್ದಾರೆ ಸ್ನೇಹಿತರೇ, ಹಾಡು ಕೇಳ್ತಿದ್ದಾರೋ ಸೈಟು ಮಾರ್ತಿದ್ದಾರೋ ಗೊತ್ತಾಗ್ತಿಲ್ಲ" ಎಂದು ನಕ್ಕು, ಹೆಸರನ್ನೇ ಓದದೆ ಒಡವೆ ಅಂಗಡಿಯ ಜಾಹೀರಾತಿಗೆ ಹೋದ.

ಇದೇ ಮೊದಲನೆಯ ಅವಮಾನ. ಗೌರಮ್ಮ ಟೀ ತಂದಿಡುತ್ತ, "ಏನ್ ರೈಟ್ರೇ, ಸೈಟಿಗೆ ಗಿರಾಕಿ ಬಂದ್ರಾ?" ಎಂದದ್ದನ್ನೂ ನಾನು ಮರೆತಿಲ್ಲ.

ಸಾಬರು ಮಾತ್ರ, "ಈ ಸಲ ಮೂರೇ ಸಾಲು ಬರೀರಿ. ಹುಣಸೆಮರ ಬ್ಯಾಡ" ಎಂದರು. ಬರೆದೆ. ಬಟ್ಟೆಯಿಲ್ಲದೆ ಬೀದಿಗೆ ಬಂದವನಂತೆ ಕಾಣುತ್ತಿತ್ತು ಆ ಕಾರ್ಡು.

ಮುಂದಿನ ಸೋಮವಾರ ಹನ್ನೊಂದಕ್ಕೆ ಲೇತುಗಳು ನಿಂತವು. ಸಾಬರು ಬಲಗಿವಿಯನ್ನು ಟ್ರಾನ್ಸಿಸ್ಟರಿನತ್ತ ಬಾಗಿಸಿ ಕುಳಿತರು. ಬಂದದ್ದು ಅದೇ ನಿರೂಪಕನ ದನಿ. ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು. ಚಕ್ಕುಬಂದಿಯಿಲ್ಲದ ಪತ್ರಕ್ಕೆ ಬೆಲೆಯೇನು, ಇವನು ಎಂದಾದರೂ ಪತ್ರವೊಂದನ್ನು ಪೂರ್ತಿ ಓದಿದ್ದಾನೆಯೇ ಎಂದು ಆರಂಭಿಸಿದೆ. ನಾನು ಮಾತಾಡುವುದನ್ನು ಕಂಡು ಸಾಬರು, ದೊಡ್ಡ ಮರ್ಯಾದಸ್ಥರು, ಇದ್ದ ಒಂದು ಕಿವಿಯನ್ನು ನನ್ನತ್ತ ತಿರುಗಿಸಿದರು. ಕೆಲಸದವರೂ ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಗೌರಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ಕೇಳುದ್ರಾ ಸಾಬ್ರೇ? ನಿಮ್ ಹೆಸ್ರು, ಊರು, ಎಲ್ಲಾ ಓದ್ಬುಟ್ಟ."

ಟ್ರಾನ್ಸಿಸ್ಟರಿನಲ್ಲಿ ಹಾಡು ಶುರುವಾಗಿತ್ತು. ಸಾಬರು ನನ್ನನ್ನು ನೋಡಿ, "ಇರ್ಲಿ ಬುಡಿ ರೈಟ್ರೇ. ಊರೋರು ಕೇಳವ್ರಲ್ಲ" ಎಂದು ಲೇತಿನ ಗುಂಡಿ ಒತ್ತಿದರು.

ಇನ್ನೊಂದು ಕಾರ್ಡು ಹಾಕುವ ಮೊದಲೇ ಕೇಂದ್ರದವರು ಕಾಗದ ನಿಲ್ಲಿಸಿ ಫೋನು ಮಾಡಿರೆಂದರು. ಅದನ್ನು ಎರಡನೆಯ ಅವಮಾನವೆಂದು ಬರೆದಿಟ್ಟುಕೊಂಡೆ. ಫೋನಿನಲ್ಲಿ ಕೇಳುವ ಪ್ರಶ್ನೆ ಸಾಬರಿಗೆ ಕೇಳಿಸುತ್ತಿರಲಿಲ್ಲ. ಆ ವರ್ಷವೇ ಬಲಗಿವಿಯೂ ಮುಚ್ಚಿತು. ಇಷ್ಟು ನಿಖರವಾದ ನನ್ನ ಪಟ್ಟಿಯಲ್ಲಿ ಆ ಸೋಮವಾರ ಮಾತ್ರ ಎಂದೂ ಸೇರಿರಲಿಲ್ಲ.

ಇಂದು ಪಟ್ಟಿಯನ್ನು ಪಕ್ಕಕ್ಕಿಟ್ಟು ಬರೆದೆ: "ರಹಮತ್ ಸಾಬರು, ಬೊಂಬೆ ಕಡೆಯುವವರು, ಚನ್ನಪಟ್ಟಣ. ನಿಮ್ಮ ದನಿ ಕೇಳಲು ಇವರ ಮೂರು ಲೇತುಗಳು ದಿನವೂ ನಿಲ್ಲುತ್ತಿದ್ದವು. ನೀವು ಇವರ ಹೆಸರು ಓದಿದ ದಿನ ಅದು ಇವರಿಗೆ ಕೇಳಿಸದಂತೆ ಮಾಡಿದವನು ನಾನು. ಈ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡತಕ್ಕದ್ದು."

ಅಂಚೆಗೆ ಹಾಕುವ ಮೊದಲು ಪಕ್ಕದ ಕಾರ್ಖಾನೆಗೆ ಹೋದೆ. ನನ್ನ ಕೈಯಲ್ಲಿ ಕಾಗದ ಕಂಡದ್ದೇ ಸಾಬರು ಹಳೆಯ ಅಭ್ಯಾಸದಂತೆ ಲೇತು ನಿಲ್ಲಿಸಿದರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ ನಿಧಾನವಾಗಿ ಓದಿದರು. ಎರಡನೆಯ ಸಲವೂ ಓದಿದರು. ನಾನು ಬಾಯಿ ತೆರೆಯಲಿಲ್ಲ.

"ಹುಣಸೆಮರ ಎಲ್ಲಿ ರೈಟ್ರೇ?" ಎಂದರು ಸಾಬರು. "ಇನ್ನೂ ಜಾಗ ಐತಲ್ಲ, ಬರೀರಿ."

ಅರಗಿನ ಪುಡಿ ಒರೆಸಿ, ಅವರ ಪಕ್ಕದಲ್ಲೇ ಕುಳಿತು, ಪೂರ್ವದಿಂದ ಆರಂಭಿಸಿದೆ.