ಅವ್ವ ಒಪ್ಪಿಸಿದ ಪಾಠ

ದೆವ್ವ, ಶಕುನ, ಸಾಯುವವರ ಕಡೆಯ ಮಾತು ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಓದಿದ್ದು ಭೌತಶಾಸ್ತ್ರ, ಅಳೆಯಲು ಬಾರದ್ದನ್ನು ನಂಬುವ ಅಭ್ಯಾಸವಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆರು ವರ್ಷದ ಹಿಂದೆ ನಡೆದದ್ದನ್ನು ಅಲ್ಲಗಳೆಯಲೂ ನನ್ನಿಂದ ಆಗಿಲ್ಲ.

ಆಗ ಕೊಪ್ಪಳದಲ್ಲಿ ಎಂ.ಎಸ್ಸಿ. ಕೊನೆಯ ವರ್ಷಕ್ಕೆ ಅತಿಥಿ ಉಪನ್ಯಾಸಕಿಯಾಗಿದ್ದೆ. ಕ್ವಾಂಟಮ್ ಸಿದ್ಧಾಂತ ಮತ್ತು ನ್ಯಾನೊ ಭೌತಶಾಸ್ತ್ರದ ಪತ್ರಿಕೆ ಆ ವರ್ಷವೇ ಹೊಸದಾಗಿ ಸೇರಿತ್ತು. ಬೇರೆ ಯಾರೂ ಒಪ್ಪದ್ದರಿಂದ ನನ್ನ ಪಾಲಿಗೆ ಬಂತು. ಬಾಡಿಗೆ ಕೋಣೆಯಲ್ಲಿದ್ದೆ. ಅವ್ವ ಬೇವೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದಳು. ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಎರಡೂ ಕಿಡ್ನಿ ಕೆಟ್ಟು, ಆಸ್ಪತ್ರೆಯವರು ಇನ್ನು ಮನೆಗೆ ಕರೆದೊಯ್ಯಿರಿ ಎಂದಿದ್ದರು. ಎರಡು ದಿನದಿಂದ ಮಾತು ನಿಂತಿತ್ತು.

ಆ ದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿದ. “ಇವತ್ತ ಬಂದ್ಬಿಡು. ನನಗ್ಯಾಕೊ ಧೈರ್ಯ ಇಲ್ಲ.”

“ಹನ್ನೊಂದಕ್ಕ ಒಂದ ಕ್ಲಾಸ್ ಐತಿ. ಮುಗಿಸಿ ಹಂಗ ಬಸ್ ಹತ್ತತೀನಿ,” ಅಂದೆ. ಪರೀಕ್ಷೆಗೆ ವಾರವಿತ್ತು, ಅದೊಂದೇ ಅಧ್ಯಾಯ ಉಳಿದಿತ್ತು. ಅದು ಕಾರಣವೋ ನೆಪವೋ, ಈಗ ನನಗೇ ತಿಳಿಯುವುದಿಲ್ಲ.

ತಡೆಗೋಡೆಯನ್ನು ಹತ್ತಿ ಇಳಿಯುವಷ್ಟು ಶಕ್ತಿಯಿಲ್ಲದ ಎಲೆಕ್ಟ್ರಾನ್ ಕೆಲವೊಮ್ಮೆ ಆಚೆ ಬದಿಗೆ ಸಿಗುವುದು ಹೇಗೆ ಎಂಬುದು ಅಂದಿನ ಪಾಠ. ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನಮ್ಮ ಮಾತಿನಲ್ಲೇ ಬಿಡಿಸಿದೆ. ಮುಗಿಸಿ ಬಸ್ಸು ಹತ್ತಿ ಫೋನ್ ಆನ್ ಮಾಡಿದಾಗ ಅಣ್ಣ ಸುದ್ದಿ ಮುಟ್ಟಿಸಿದ. ನಾನು ಹೋಗುವಷ್ಟರಲ್ಲಿ ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು.

ಮಣ್ಣಾದ ಮೂರನೆಯ ದಿನ ಅತ್ತಿಗೆ ಪಾತ್ರೆ ತಿಕ್ಕುತ್ತ ಕೇಳಿದಳು, “ವಿನುತಾ ಅಂದ್ರ ಯಾರವ್ವಾ?”

ನನ್ನ ವಿದ್ಯಾರ್ಥಿನಿ ಎಂದೆ. ಅವಳ ಕೈ ನಿಂತಿತು.

“ಹನ್ನೊಂದರ ಸುಮಾರಿಗೆ ಅತ್ತಿ ಒಮ್ಮಿಂದೊಮ್ಮೆಲೆ ಮಾತಾಡಾಕ ಹತ್ತಿದ್ರು. ನೀನ ಬಂದೀ ಏನೋ ಅಂತ ಹೊಳ್ಳಿ ನೋಡಿದೆ. ದನಿ ಅವರದ, ಮಾತು ನಿನ್ನವು. ಗ್ವಾಡಿ ಇದ್ರೂ ಒಮ್ಮೊಮ್ಮೆ ಆಚೆ ಹೋಗತೈತಿ ಅಂದ್ರು. ವಿನುತಾ, ಕಿಟಕ್ಯಾಗ ಏನ ನೋಡ್ತಿ ಅಂದ್ರು. ಆಮ್ಯಾಲೆ, ತಪ್ಪಾತು, ಮೈನಸ್ ಬಿಟ್ಟೈತಿ, ಅಳಸ್ರಿ ಅಂದ್ರು. ಮೈನಸ್ ಅಂದ್ರ ಏನ?”

ಅಂದು ಬೋರ್ಡಿನ ಮೇಲೆ ಮೈನಸ್ ಬಿಟ್ಟಿದ್ದೆ. ಅದೇ ಮಾತು ಹೇಳಿ ಅಳಿಸಿದ್ದೆ. ವಿನುತಾಳನ್ನು ಗದರಿದ್ದೂ ನಿಜ.

“ಎಲ್ಲಕ್ಕಿಂತ ಮೊದಲ ಏನಂದ್ರು?” ಎಂದು ಕೇಳಿದೆ.

ಅತ್ತಿಗೆ ಪಾತ್ರೆ ಕೆಳಗಿಟ್ಟಳು. “‘ಏನಿಲ್ಲ, ಮನಿಯಿಂದ. ಆಮ್ಯಾಲೆ ಮಾತಾಡಿದ್ರಾತು’ ಅಂದ್ರು.”

ಪಾಠ ಶುರುಮಾಡುವಾಗ ಅಣ್ಣನ ಫೋನ್ ಮತ್ತೊಮ್ಮೆ ಬಂದಿತ್ತು. ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಎತ್ತದೆ ಕತ್ತರಿಸಿ, ಅವರಿಗೆ ಅದೇ ಮಾತು ಹೇಳಿ, ಸ್ವಿಚ್ ಆಫ್ ಮಾಡಿದ್ದೆ.

ಹುಡುಕಬಹುದಾದ ಕಾರಣಗಳನ್ನೆಲ್ಲ ಹುಡುಕಿದೆ. ಆ ಕರೆ ಮಾಡುವಾಗ ಅಣ್ಣ ಅಂಗಳದಲ್ಲಿದ್ದ, ನಾನು ಎತ್ತದ್ದರಿಂದ ಅವನಿಗೆ ನನ್ನ ದನಿಯೇ ಕೇಳಿರಲಿಲ್ಲ. ಆ ಪಾಠ ಮಾಡಿದ್ದು ಅದೇ ಮೊದಲು, ಮನೆಯಲ್ಲಿ ಎಂದೂ ಹೇಳಿ ನೋಡಿದ್ದಲ್ಲ. ಸಹೋದ್ಯೋಗಿಯೊಬ್ಬರು, “ನಿಮ್ಮ ಕ್ವಾಂಟಮ್ ಒಳಗ ಇದಕ್ಕ ಉತ್ತರ ಇರಬೇಕಲ್ರಿ?” ಎಂದರು. ಇಲ್ಲ. ನನ್ನ ಎಲೆಕ್ಟ್ರಾನ್ ದಾಟುವ ಗೋಡೆ ಕೆಲವೇ ಪರಮಾಣುಗಳಷ್ಟು ದಪ್ಪ. ಕೊಪ್ಪಳದಿಂದ ಬೇವೂರಿಗೆ ಬಸ್ಸಿಗೇ ಗಂಟೆಯ ಮೇಲೆ ಬೇಕು. ಗೊತ್ತಿಲ್ಲದ್ದಕ್ಕೆ ನಾನು ಕಲಿತ ಶಾಸ್ತ್ರದ ಹೆಸರು ಹಚ್ಚಲು ಮನಸ್ಸು ಒಪ್ಪುವುದಿಲ್ಲ. ಕಾಕತಾಳೀಯ ಎನ್ನಲೂ ಬಾಯಿ ಬರುವುದಿಲ್ಲ.

ಆ ಮೊದಲ ಮಾತು ಆಡುವಾಗ ಅವ್ವನ ಮುಖ ಹೇಗಿತ್ತು ಎಂದು ಕೇಳಬೇಕೆಂದು ಬೇವೂರಿಗೆ ಹೋದಾಗಲೆಲ್ಲ ಅಂದುಕೊಳ್ಳುತ್ತೇನೆ. ಅತ್ತಿಗೆಯೂ ನಾನು ಕೇಳಿಯೇನೆಂದು ಕಾಯುತ್ತಾಳೆ ಅನಿಸುತ್ತದೆ. ಚಹಾ ಕುಡಿಯುತ್ತೇವೆ, ಬಸ್ಸಿನ ಹೊತ್ತಾಗುತ್ತದೆ, ಏಳುತ್ತೇನೆ.